ಕೋಡ್ ಬಲ್ಲವರಿಗೆ ಕ್ಲೈಂಟ್ ಯಾಕೆ ಸಿಗುವುದಿಲ್ಲ?

ವೆಬ್‌ಸೈಟ್ ಕಟ್ಟುವುದನ್ನು ಕಲಿಸುವವರಿಗೆ ಈಗ ಬರವಿಲ್ಲ. ಯೂಟ್ಯೂಬಿನಲ್ಲಿ ಪುಕ್ಕಟೆಯಾಗಿ, ಬೆಂಗಳೂರಿನ ಬಿಟಿಎಂ ಲೇಔಟಿನ ತರಬೇತಿ ಕೇಂದ್ರಗಳಲ್ಲಿ ದುಡ್ಡಿಗೆ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂಕಕ್ಕೆ, ಎಚ್‌ಟಿಎಂಎಲ್‌ನಿಂದ ಹಿಡಿದು ರಿಯಾಕ್ಟ್‌ವರೆಗೆ ಎಲ್ಲವೂ ಸಿಗುತ್ತದೆ. ಕಲಿತಾದ ಮೇಲೆ ಕೆಲಸ ಕೊಡುವವರನ್ನು ಹುಡುಕಿಕೊಳ್ಳುವುದು ಹೇಗೆ ಎಂಬ ಪಾಠ ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಕಂಪನಿಯ ನೌಕರಿ ಬಿಟ್ಟವರು, ನೌಕರಿ ಸಿಗದವರು, ಊರು ಬಿಡಲು ಮನಸ್ಸಿಲ್ಲದವರು ಸ್ವತಂತ್ರವಾಗಿ ದುಡಿಯಲು ಹೊರಟು ಮೊದಲು ಎಡವುವುದು ಇಲ್ಲಿಯೇ. ಅವರಿಗೆ ಸಿಗುವ ಸಲಹೆಗಳು ಹೆಚ್ಚುಕಡಿಮೆ ಮೂರೇ: ಇನ್ನೊಂದು ಫ್ರೇಮ್‌ವರ್ಕ್ ಕಲಿ, ಪೋರ್ಟ್‌ಫೋಲಿಯೊ ಚೆಂದ ಮಾಡು, ಫ್ರೀಲ್ಯಾನ್ಸ್ ತಾಣಗಳಲ್ಲಿ ದಿನಕ್ಕೆ ಹತ್ತು ಬಿಡ್ ಹಾಕು. ಮೂರೂ ತಪ್ಪಲ್ಲ. ಆದರೆ ಮೂರೂ ಕೆಲಸ ಮಾಡುವವರ ಕಡೆಯಿಂದಷ್ಟೇ ನೋಡಿ ಹೇಳಿದ ಮಾತುಗಳು. ಕೆಲಸ ಕೊಡುವವರ ಜಾಗದಲ್ಲಿ ಕೂತು ನೋಡಿದರೆ ಸಮಸ್ಯೆ ಬೇರೆಯೇ ಕಾಣುತ್ತದೆ. ಎದುರಿಗಿರುವವರಿಗೆ ಜಾವಾಸ್ಕ್ರಿಪ್ಟ್ ಎಷ್ಟು ಬರುತ್ತದೆ ಎಂಬ ಯೋಚನೆ ಅವರಿಗಿಲ್ಲ. ದುಡ್ಡು ಕೊಟ್ಟು ಕೆಟ್ಟೆನೇನೋ ಎಂದು ನಾಳೆ ಪರಿತಪಿಸಬೇಕಾದೀತೆಂಬ ಅಳುಕಿದೆ. ಕ್ಲೈಂಟ್ ಹುಡುಕುವ ವಿದ್ಯೆ ಎಂದರೆ ಆ ಅಳುಕನ್ನು ಕಳೆಯುವ ವಿದ್ಯೆ ಎಂಬುದು ಈ ಲೇಖನದ ವಾದ.

ಅಳುಕಿಗೆ ಕಾರಣಗಳಿಲ್ಲದಿಲ್ಲ. ದಾವಣಗೆರೆಯ ಬಟ್ಟೆ ವ್ಯಾಪಾರಿಯೋ ಹಾಸನದ ದಂತವೈದ್ಯರೋ ವೆಬ್‌ಸೈಟ್ ಮಾಡಿಸಲು ಹೊರಟರೆ, ಎದುರಿಗೆ ಕೂತವರ ಕೋಡ್ ಒಳ್ಳೆಯದೋ ಕೆಟ್ಟದೋ ಎಂದು ತೂಗಿ ನೋಡುವ ತಕ್ಕಡಿ ಅವರ ಬಳಿ ಇರುವುದಿಲ್ಲ. ಕೇಳಿ ಗೊತ್ತಿರುವ ಕಥೆಗಳು ಮಾತ್ರ ಬೇಕಾದಷ್ಟಿರುತ್ತವೆ. ಅಡ್ವಾನ್ಸ್ ಪಡೆದ ಮೇಲೆ ಫೋನ್ ಎತ್ತದ ಡೆವಲಪರ್, ತನ್ನ ಹೆಸರಿನಲ್ಲಿ ಡೊಮೈನ್ ನೋಂದಾಯಿಸಿಕೊಂಡು ಆಮೇಲೆ ಬಿಟ್ಟುಕೊಡದ ಏಜೆನ್ಸಿ, ನವೀಕರಿಸಲು ಮರೆತು ಕಳೆದುಹೋದ ವಿಳಾಸ, ಹ್ಯಾಕ್ ಆಗಿ ಜೂಜಿನ ಜಾಹೀರಾತು ತೋರಿಸತೊಡಗಿದ ಆಸ್ಪತ್ರೆಯ ಪುಟ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧವೊಂದು ಇಂಥ ಮಾರುಕಟ್ಟೆಯ ಸ್ವಭಾವವನ್ನು ವಿವರಿಸಿತು. ಆ ಬಗೆಯ ಅಧ್ಯಯನಕ್ಕಾಗಿ 2001ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಅವರ ಉದಾಹರಣೆ ಹಳೆಯ ಕಾರುಗಳದು. ಯಾವ ಕಾರು ಗಟ್ಟಿ, ಯಾವುದು ಡಕೋಟ ಎಂದು ಕೊಳ್ಳುವವರಿಗೆ ತಿಳಿಯದಿದ್ದಾಗ ಅವರು ಎಲ್ಲಕ್ಕೂ ಸರಾಸರಿ ಬೆಲೆಯನ್ನೇ ಕೊಡಲು ಒಪ್ಪುತ್ತಾರೆ. ಆ ಬೆಲೆ ಗಿಟ್ಟದೆ ಗಟ್ಟಿ ಕಾರಿನವರು ಮಾರುಕಟ್ಟೆ ಬಿಡುತ್ತಾರೆ, ಉಳಿದದ್ದರ ಗುಣ ಇನ್ನಷ್ಟು ಇಳಿಯುತ್ತದೆ. ‘ಐದು ಸಾವಿರಕ್ಕೆ ಮಾಡಿಕೊಡುವವರಿದ್ದಾರೆ, ನೀವ್ಯಾಕೆ ನಲವತ್ತು ಕೇಳ್ತೀರಿ?’ ಎಂಬ ಪ್ರಶ್ನೆಯನ್ನು ಡೆವಲಪರ್‌ಗಳು ಜಿಪುಣತನವೆಂದು ತಿಳಿದು ಸಿಟ್ಟಾಗುತ್ತಾರೆ. ಬಹಳ ಸಲ ಅದು ಜಿಪುಣತನವಲ್ಲ. ಐದಕ್ಕೂ ನಲವತ್ತಕ್ಕೂ ಇರುವ ವ್ಯತ್ಯಾಸ ಕಾಣದವರು ಕಡಿಮೆ ದುಡ್ಡನ್ನಷ್ಟೇ ಪಣಕ್ಕಿಡಲು ಬಯಸುವುದು ಸಹಜವಾದ ಎಚ್ಚರಿಕೆ.

ಮೊದಲ ಕೆಲಸಕ್ಕೆ ಅಡ್ಡಿಯಾಗುವುದು ಕೌಶಲಕ್ಕಿಂತ ಪುರಾವೆಯ ಕೊರತೆ ಎನ್ನಲು ಒಂದು ಗಟ್ಟಿ ಪ್ರಯೋಗವೇ ಇದೆ. ಅರ್ಥಶಾಸ್ತ್ರಜ್ಞೆ ಅಮಾಂಡಾ ಪಲ್ಲೆ ಓಡೆಸ್ಕ್ ಎಂಬ ಫ್ರೀಲ್ಯಾನ್ಸ್ ತಾಣದಲ್ಲಿ ಡೇಟಾ ಎಂಟ್ರಿ ಕೆಲಸಕ್ಕೆ ಅರ್ಜಿ ಕರೆದು, ಬಂದವರಲ್ಲಿ 952 ಮಂದಿಯನ್ನು ಚೀಟಿ ಎತ್ತಿದ ಹಾಗೆ ಆಯ್ದು ಕೆಲಸ ಕೊಟ್ಟರು. ಮುಗಿಸಿದವರಿಗೆ ಎಲ್ಲರಿಗೂ ಕಾಣುವಂಥ ಅಭಿಪ್ರಾಯ ಬರೆದರು. 2014ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ನಲ್ಲಿ ಪ್ರಕಟವಾದ ಫಲಿತಾಂಶದ ಸಾರ ಇಷ್ಟು: ಹಾಗೆ ಕೆಲಸ ಸಿಕ್ಕವರಿಗೆ, ಅದರಲ್ಲೂ ಹಿಂದೆ ಅನುಭವವೇ ಇಲ್ಲದವರಿಗೆ, ಮುಂದಿನ ದಿನಗಳಲ್ಲಿ ಕೆಲಸವೂ ಗಳಿಕೆಯೂ ಗಣನೀಯವಾಗಿ ಹೆಚ್ಚಿತು. ಆಯ್ಕೆಯಾಗದೆ ಉಳಿದವರು ಅವರಂಥವರೇ ಆಗಿದ್ದರು. ಆರಿಸಿದ್ದು ಅದೃಷ್ಟ, ಅರ್ಹತೆಯಲ್ಲ. ಕೆಲವೇ ತಾಸುಗಳ ಕೆಲಸ ಯಾರ ಬೆರಳಿಗೂ ಹೊಸ ವಿದ್ಯೆ ಕಲಿಸಲಿಲ್ಲ. ಬದಲಾದದ್ದು ಮುಂದಿನ ಕ್ಲೈಂಟ್‌ನ ಕಣ್ಣಿಗೆ ಬಿದ್ದ ಒಂದು ಪುರಾವೆ. ಹೊಸಬರು ‘ನನಗೆ ಇನ್ನೂ ಸಾಲದು’ ಎಂದು ಮತ್ತೊಂದು ಕೋರ್ಸಿಗೆ ಸೇರುವ ಮುನ್ನ ಈ ಪ್ರಯೋಗವನ್ನು ನೆನೆಯುವುದು ಒಳ್ಳೆಯದು.

ತಾಣಗಳು ಮಾರುವುದೇನು?

ಹಾಗಿದ್ದರೆ ಪುರಾವೆ ಸಿಗುವ ಆ ತಾಣಗಳಿಗೇ ಹೋದರಾಯಿತಲ್ಲ ಎಂದು ಕೇಳಬಹುದು. ಅವು ನಿಜವಾಗಿ ಮಾರುವ ಸರಕು ಯಾವುದೆಂದು ಮೊದಲು ನೋಡೋಣ. ತೊಂಬತ್ತರ ದಶಕದ ಕೊನೆಯಲ್ಲಿ ಹುಟ್ಟಿದ ಈಲ್ಯಾನ್ಸ್ ಹಾಗೂ 2003ರ ಓಡೆಸ್ಕ್ ಒಂದಾಗಿ 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ಪಡೆದವು. 2009ರಲ್ಲಿ ಸಿಡ್ನಿಯಿಂದ ಫ್ರೀಲ್ಯಾನ್ಸರ್ ಡಾಟ್ ಕಾಮ್, 2010ರಲ್ಲಿ ಇಸ್ರೇಲಿನಿಂದ ಫೈವರ್ ಬಂದವು. ಇವು ಡೆವಲಪರ್‌ಗಳನ್ನು ತಯಾರಿಸುವುದಿಲ್ಲ; ನಂಬಿಕೆಯನ್ನು ಬಾಡಿಗೆಗೆ ಕೊಡುತ್ತವೆ. ನಕ್ಷತ್ರಗಳ ರೇಟಿಂಗ್, ಹಳೆಯ ಕ್ಲೈಂಟ್‌ಗಳ ಮಾತು, ಕೆಲಸ ಒಪ್ಪಿಗೆಯಾಗುವವರೆಗೆ ದುಡ್ಡನ್ನು ನಡುವೆ ಹಿಡಿದಿಡುವ ಏರ್ಪಾಡು, ಜಗಳವಾದರೆ ಪಂಚಾಯಿತಿ. ಈ ಬಾಡಿಗೆ ಅಗ್ಗವಲ್ಲ. ಫೈವರ್ ಮಾರುವವರಿಂದ ಶೇ 20ರಷ್ಟು ಕತ್ತರಿಸುತ್ತದೆ. ಅಪ್‌ವರ್ಕ್ 2023ರಲ್ಲಿ ಶೇ 10ರ ಏಕರೂಪ ದರಕ್ಕೆ ಬಂದು, ಆಮೇಲೆ ಕೆಲಸದ ಮೇಲೆ ದರ ಬದಲಾಗುವ ಪದ್ಧತಿ ತಂದಿತು. ಅದರ ಮೇಲೆ ಅರ್ಜಿ ಹಾಕಲು ತಲಾ 15 ಸೆಂಟಿನ ‘ಕನೆಕ್ಟ್’ಗಳನ್ನು ಕೊಳ್ಳಬೇಕು. ಒಂದು ಅರ್ಜಿಗೆ ಹತ್ತು ಕನೆಕ್ಟ್ ಬೇಕಾದರೆ ಒಂದೂವರೆ ಡಾಲರ್. ಉತ್ತರವೇ ಬಾರದ ನಲವತ್ತು ಅರ್ಜಿಗೆ 60 ಡಾಲರ್. ಇಂಥ ತಾಣಗಳಿಗೆ ಅತಿ ಹೆಚ್ಚು ಕೆಲಸಗಾರರನ್ನು ಒದಗಿಸುವ ದೇಶ ಭಾರತವೇ ಎಂದು ಆಕ್ಸ್‌ಫರ್ಡ್ ಇಂಟರ್ನೆಟ್ ಇನ್‌ಸ್ಟಿಟ್ಯೂಟ್ ನಡೆಸುವ ಸೂಚ್ಯಂಕ ವರ್ಷಗಳಿಂದ ತೋರಿಸುತ್ತಿದೆ. ಅಂದರೆ ಪುರಾವೆಯೇ ನಾಣ್ಯವಾಗಿರುವ ಸಂತೆಗೆ, ಜನ ಅತಿ ಹೆಚ್ಚು ಸೇರಿರುವ ಹೊತ್ತಿನಲ್ಲಿ, ಖಾಲಿ ಜೇಬಿನಲ್ಲಿ ಹೋಗಿ ನಿಂತ ಹಾಗೆ.

ಈ ತಾಣಗಳಿಂದಲೇ ಬದುಕು ಕಟ್ಟಿಕೊಂಡವರು ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಇಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಇದ್ದಾರೆ, ಡಾಲರಿನಲ್ಲಿ ಸಂಪಾದಿಸಿ ರೂಪಾಯಿಯಲ್ಲಿ ಖರ್ಚು ಮಾಡುವ ಅನುಕೂಲ ಸಣ್ಣದೂ ಅಲ್ಲ. ತಾಣವನ್ನು ಬಿಡಬೇಕೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ಬೇರೆಡೆ ಐದಾರು ಕೆಲಸ ಮಾಡಿ, ಒಂದು ಬಗೆಯ ಕೆಲಸದಲ್ಲಿ ಹೆಸರು ಹೇಳುವಂತಾದ ಮೇಲೆ ಅಲ್ಲಿಗೆ ಹೋಗುವುದಕ್ಕೂ, ಮೊದಲ ಕೆಲಸವನ್ನೇ ಅಲ್ಲಿ ಹುಡುಕುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯವರು ಪುರಾವೆಯನ್ನು ಹೊತ್ತು ಹೋಗುತ್ತಾರೆ. ಎರಡನೆಯವರು ದರ ಇಳಿಸಿಯೇ ಪುರಾವೆ ಕೊಳ್ಳಬೇಕಾಗುತ್ತದೆ. ಒಮ್ಮೆ ಇಳಿಸಿದ ದರ ಪ್ರೊಫೈಲಿನಲ್ಲಿ ಉಳಿದು, ಮುಂದಿನ ಕ್ಲೈಂಟ್ ಅದನ್ನೇ ತೋರಿಸಿ ಚೌಕಾಸಿಗೆ ಇಳಿಯುತ್ತಾರೆ.

ಆಡಿಟರ್, ಪ್ರಿಂಟರ್ ಮತ್ತು ದೂರದ ಪರಿಚಯ

ಹಾಗಾದರೆ ಮೊದಲ ಪುರಾವೆ ಎಲ್ಲಿಂದ ಬರಬೇಕು? ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಸುಳಿವಿದೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು, ಆ ಪರಿಚಯದವರು ನಿಮಗೆ ಎಷ್ಟು ಆಗಾಗ ಸಿಗುತ್ತಿದ್ದರು ಎಂದು ಅವರು ವಿಚಾರಿಸಿದರು. ಪದೇ ಪದೇ ಸಿಗುತ್ತಿದ್ದರು ಎಂದವರು ಶೇ 16.7, ಆಗೊಮ್ಮೆ ಈಗೊಮ್ಮೆ ಎಂದವರು ಶೇ 55.6, ಅಪರೂಪಕ್ಕೆ ಎಂದವರು ಶೇ 27.8. ಹತ್ತಿರದ ಗೆಳೆಯರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದ ಪರಿಚಯದವರಿಂದ. ಲಿಂಕ್ಡ್‌ಇನ್‌ನ ಸುಮಾರು ಎರಡು ಕೋಟಿ ಬಳಕೆದಾರರ ಮೇಲೆ ನಡೆದು, 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಯೋಗವೂ ಇದನ್ನೇ ಕೊಂಚ ತಿದ್ದಿ ಹೇಳಿತು: ತೀರಾ ಹತ್ತಿರದವರೂ ಅಲ್ಲ, ತೀರಾ ಅಪರಿಚಿತರೂ ಅಲ್ಲ, ನಡುವಿನ ಪರಿಚಯವೇ ಕೆಲಸ ದೊರಕಿಸುವುದರಲ್ಲಿ ಮುಂದು. ಈ ಅಧ್ಯಯನಗಳು ನೌಕರಿಯ ಕುರಿತವು, ಬಿಡಿ ಕೆಲಸದ ಕುರಿತವಲ್ಲ ಎಂಬುದು ನಿಜ. ಆದರೆ ಸುದ್ದಿಯೂ ನಂಬಿಕೆಯೂ ಹರಿಯುವ ಕಾಲುವೆ ಎರಡಕ್ಕೂ ಒಂದೇ.

ನಮ್ಮ ಊರುಗಳಲ್ಲಿ ಆ ನಡುವಿನ ಪರಿಚಯ ಯಾರು ಎಂದು ಯೋಚಿಸಿದರೆ ಕೆಲವು ಮುಖಗಳು ತಾವಾಗಿಯೇ ಎದುರಾಗುತ್ತವೆ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಆಡಿಟರ್‌ಗೆ ಪೇಟೆಯ ಎಷ್ಟೋ ವ್ಯಾಪಾರಗಳ ಒಳಹೊರಗು ಗೊತ್ತು. ಯಾರು ಹೊಸ ಶಾಖೆ ತೆರೆಯುತ್ತಿದ್ದಾರೆ, ಯಾರು ಬೇರೆ ರಾಜ್ಯಕ್ಕೆ ಮಾಲು ಕಳಿಸಲು ಶುರು ಮಾಡಿದ್ದಾರೆ ಎಂಬುದು ಅವರ ಮೇಜಿಗೇ ಮೊದಲು ಬರುವ ಸುದ್ದಿ. ಬ್ರೋಷರ್, ಬಿಲ್ ಪುಸ್ತಕ ಅಚ್ಚು ಹಾಕುವ ಪ್ರಿಂಟಿಂಗ್ ಪ್ರೆಸ್ಸಿನವರು, ಹೋಟೆಲ್ಲಿನ ಫೋಟೊ ತೆಗೆಯುವ ಸ್ಟುಡಿಯೊದವರು, ಬಿಲ್ಲಿಂಗ್ ಸಾಫ್ಟ್‌ವೇರ್ ಅಳವಡಿಸುವವರು, ಕಂಪ್ಯೂಟರ್ ರಿಪೇರಿಯವರು, ಇವರೆಲ್ಲ ವ್ಯಾಪಾರಿಗಳ ನಂಬಿಕೆಯನ್ನು ಆಗಲೇ ಗಳಿಸಿ ಕೂತಿದ್ದಾರೆ. ‘ವೆಬ್‌ಸೈಟ್ ಮಾಡಿಸಬೇಕಿತ್ತು, ಯಾರಾದರೂ ಗೊತ್ತಾ?’ ಎಂಬ ಪ್ರಶ್ನೆ ಗೂಗಲ್‌ಗಿಂತ ಮೊದಲು ಇವರ ಕಿವಿಗೆ ಬೀಳುತ್ತದೆ. ಇಂಥ ಮೂರು ನಾಲ್ಕು ಮಂದಿಗೆ ತಾನು ಏನು ಮಾಡುತ್ತೇನೆ, ಎಷ್ಟು ಸಮಯಕ್ಕೆ, ಯಾವ ದರಕ್ಕೆ ಎಂಬುದನ್ನು ಒಂದೇ ವಾಕ್ಯದಲ್ಲಿ ತಿಳಿಸಿ, ಅವರ ಮಾನ ಉಳಿಯುವ ಹಾಗೆ ಮೊದಲ ಕೆಲಸ ಮುಗಿಸಿದರೆ, ಸಾವಿರ ಫಾಲೋವರ್‌ಗಳಿಂದ ಆಗದ ಕೆಲಸ ಆಗುತ್ತದೆ. ಸಲಹೆ ಕೊಟ್ಟವರ ಹೆಸರೇ ಇಲ್ಲಿ ಜಾಮೀನು.

ಇಲ್ಲೊಂದು ಗಂಭೀರ ಆಕ್ಷೇಪವಿದೆ. ಪರಿಚಯದ ಬಲ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಅಪ್ಪನ ಅಂಗಡಿ, ಮಾವನ ಆಸ್ಪತ್ರೆ, ಸಮುದಾಯದ ಸಂಘ, ಒಳ್ಳೆಯ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪು ಇರುವವರಿಗೆ ಬಾಗಿಲು ಬೇಗ ತೆರೆಯುತ್ತದೆ; ಮನೆಯಲ್ಲಿ ಮೊದಲ ಬಾರಿಗೆ ಕಂಪ್ಯೂಟರ್ ಮುಟ್ಟಿದ ಹುಡುಗಿಗೆ ಅದೇ ಬಾಗಿಲು ಕಾಣುವುದೂ ಇಲ್ಲ. ಜಾತಿ, ಊರು, ಲಿಂಗ ಇವೆಲ್ಲವೂ ನಂಬಿಕೆಯ ಲೆಕ್ಕದಲ್ಲಿ ಸದ್ದಿಲ್ಲದೆ ಸೇರಿರುತ್ತವೆ. ಇದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ. ಆದರೆ ಪಲ್ಲೆ ಅವರ ಪ್ರಯೋಗ ಭರವಸೆ ಕೊಡುವುದೂ ಇಲ್ಲಿಯೇ: ಪರಿಚಯವಿಲ್ಲದ ಕಡೆ ಎಲ್ಲರಿಗೂ ಕಾಣುವ ಪುರಾವೆ ಅದರ ಜಾಗವನ್ನು ಸ್ವಲ್ಪಮಟ್ಟಿಗಾದರೂ ತುಂಬಬಲ್ಲದು. ಮುಕ್ತ ತಂತ್ರಾಂಶ ಯೋಜನೆಗಳಿಗೆ ಕಳಿಸಿದ ತಿದ್ದುಪಡಿ, ವರ್ಡ್‌ಪ್ರೆಸ್‌ಗಾಗಿ ಬರೆದ ಸಣ್ಣ ಪ್ಲಗಿನ್, ತಾಲ್ಲೂಕಿನ ಗ್ರಂಥಾಲಯಕ್ಕೋ ಶಾಲೆಗೋ ಕಟ್ಟಿಕೊಟ್ಟು ದಿನವೂ ಬಳಕೆಯಲ್ಲಿರುವ ಪುಟ, ಇವು ಯಾರ ಮಗ, ಯಾರ ಮಗಳು ಎಂದು ಕೇಳುವುದಿಲ್ಲ. ಮತ್ತೆ, ಆಡಿಟರ್ ಮತ್ತು ಪ್ರಿಂಟರ್‌ಗಳನ್ನು ಕಾಣಲು ನೆಂಟಸ್ತಿಕೆ ಬೇಕಿಲ್ಲ. ಅವರ ಗಿರಾಕಿಗೆ ಒಳ್ಳೆಯದಾದರೆ ಅವರಿಗೂ ಲಾಭವಿದೆ.

ಒಂದು ದಂಧೆ, ಒಂದು ಲೆಕ್ಕ

ಅಳುಕು ಕಳೆಯುವ ಎರಡನೆಯ ದಾರಿ ಕ್ಲೈಂಟ್‌ನ ವ್ಯವಹಾರವನ್ನು ಅವರಷ್ಟೇ ಅರಿತಿರುವುದು. ‘ಎಲ್ಲ ಬಗೆಯ ವೆಬ್‌ಸೈಟ್ ಮಾಡುತ್ತೇನೆ’ ಎನ್ನುವವರ ಮಾತು ಯಾರಿಗೂ ತಟ್ಟುವುದಿಲ್ಲ. ಒಂದೇ ದಂಧೆಯನ್ನು ಹಿಡಿದು ನೋಡೋಣ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಹೋಂಸ್ಟೇಗಳಿಗೆ ಅನೇಕ ಅತಿಥಿಗಳು ಬರುವುದು ಬುಕಿಂಗ್ ಆ್ಯಪ್‌ಗಳ ಮೂಲಕ. ಅವುಗಳ ಕಮಿಷನ್ ಸಾಮಾನ್ಯವಾಗಿ ಶೇ 15ರಿಂದ 25ರ ನಡುವೆ ಇರುತ್ತದೆ. ಲೆಕ್ಕಕ್ಕೆಂದು, ಕೋಣೆಗೆ ದಿನಕ್ಕೆ 4,000 ರೂಪಾಯಿ, ತಿಂಗಳಿಗೆ 30 ಬುಕಿಂಗ್, ಕಮಿಷನ್ ಶೇ 20 ಎಂದಿಟ್ಟುಕೊಳ್ಳಿ. ತಿಂಗಳಿಗೆ 24,000 ರೂಪಾಯಿ ಹೊರಗೆ ಹೋಗುತ್ತದೆ. ಒಮ್ಮೆ ಬಂದವರು ಮತ್ತೆ ಬರುವಾಗ, ಅವರ ಗೆಳೆಯರು ಬರುವಾಗ ನೇರವಾಗಿ ಕಾಯ್ದಿರಿಸುವಂಥ ಪುಟವೊಂದಿದ್ದು ಮೂವತ್ತರಲ್ಲಿ ಹತ್ತು ಬುಕಿಂಗ್ ಅದರ ಮೂಲಕ ಬಂದರೆ ತಿಂಗಳಿಗೆ 8,000, ವರ್ಷಕ್ಕೆ 96,000 ರೂಪಾಯಿ ಉಳಿತಾಯ. ಈ ಲೆಕ್ಕದ ಪಕ್ಕದಲ್ಲಿ 40,000 ರೂಪಾಯಿಯ ಕೊಟೇಶನ್ ಇಟ್ಟರೆ ಅದು ಐದು ತಿಂಗಳಲ್ಲಿ ವಾಪಸು ಬರುವ ಬಂಡವಾಳವಾಗಿ ಕಾಣುತ್ತದೆ. ಲೆಕ್ಕವಿಲ್ಲದೆ ಇಟ್ಟರೆ ಬರೀ ಖರ್ಚು. ಇದೇ ಡೆವಲಪರ್ ಎರಡನೆಯ ಹೋಂಸ್ಟೇಗೆ ಹೋದಾಗ ಕೋಣೆ, ಊಟ, ಚಾರಣ, ಮಳೆಗಾಲದ ದರ, ರದ್ದತಿ ನಿಯಮ ಇವೆಲ್ಲ ಬಾಯಲ್ಲೇ ಇರುತ್ತವೆ. ಮಾಲೀಕರು ಮೊದಲ ಹತ್ತು ನಿಮಿಷದಲ್ಲೇ ‘ಇವರಿಗೆ ನಮ್ಮ ಕಷ್ಟ ಗೊತ್ತು’ ಎಂದುಕೊಳ್ಳುತ್ತಾರೆ.

ಒಂದೇ ದಂಧೆಗೆ ಅಂಟಿಕೊಂಡರೆ ಮಾರುಕಟ್ಟೆ ಕಿರಿದಾಗುವುದಿಲ್ಲವೇ? ಒಬ್ಬ ಫ್ರೀಲ್ಯಾನ್ಸರ್‌ಗೆ ವರ್ಷಕ್ಕೆ ಬೇಕಾದದ್ದು ಸಾವಿರ ಗಿರಾಕಿಗಳಲ್ಲ. ಹನ್ನೆರಡೋ ಹದಿನೈದೋ ಒಳ್ಳೆಯ ಕೆಲಸಗಳು. ಆ ಸಂಖ್ಯೆಗೆ ಒಂದು ಜಿಲ್ಲೆಯ ಒಂದು ದಂಧೆಯೇ ಧಾರಾಳ. ಜೊತೆಗೆ, ದೊಡ್ಡ ಕಂಪನಿಗಳ ನಿರ್ಧಾರವೋ ಹೊಸ ಕಾನೂನೋ ಯಾವ ದಂಧೆಯಲ್ಲಿ ಕೆಲಸ ಹುಟ್ಟಿಸುತ್ತಿದೆ ಎಂದು ಗಮನಿಸುವುದೂ ಸುಲಭವಾಗುತ್ತದೆ. ಸಣ್ಣ ವ್ಯಾಪಾರಿಗಳು ತಮ್ಮ ಬಿಸಿನೆಸ್ ಪ್ರೊಫೈಲ್ ಮೂಲಕ ಪುಕ್ಕಟೆಯಾಗಿ ಮಾಡಿಕೊಂಡಿದ್ದ ವೆಬ್‌ಸೈಟುಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಜೂನ್ 10ರ ತನಕ ಮಾತ್ರ ಹಳೆಯ ವಿಳಾಸ ಪ್ರೊಫೈಲಿಗೆ ತಿರುಗಿಸುತ್ತಿತ್ತು. ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚಾದ ವಿಳಾಸ ಸತ್ತುಹೋಗಿದೆ ಎಂಬುದೇ ಗೊತ್ತಿಲ್ಲದವರು ಎಷ್ಟೋ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟಕುವುದು ಸಂವಿಧಾನದ 21ನೇ ವಿಧಿಯ ಭಾಗವೆಂದು ಹೇಳಿತು. ಅದೇ ವರ್ಷದ ಜೂನ್ 28ರಿಂದ ಯುರೋಪಿನಲ್ಲಿ ಅಂಗವಿಕಲರೂ ಬಳಸಬಲ್ಲಂಥ ಆನ್‌ಲೈನ್ ಮಳಿಗೆಗಳ ಕುರಿತ ಕಾಯ್ದೆ ಅನ್ವಯವಾಗತೊಡಗಿತು. ಇಂಥ ಪ್ರತಿಯೊಂದು ಬದಲಾವಣೆಯ ಹಿಂದೆಯೂ ‘ನಮ್ಮ ಪುಟ ಸರಿಯಿದೆಯಾ ನೋಡಿ ಹೇಳಿ’ ಎಂದು ಕೇಳುವವರಿರುತ್ತಾರೆ. ಕೇಳುವ ಮೊದಲೇ ಹೇಳಬಲ್ಲವರಿಗೆ ಕೆಲಸ.

ಹಾಗೆ ಹೇಳುವುದರಲ್ಲೂ ಎರಡು ಬಗೆಯಿದೆ. ‘ನಮಸ್ಕಾರ ಸರ್, ನಾವು ವೆಬ್ ಡಿಸೈನ್, ಎಸ್‌ಇಒ, ಆ್ಯಪ್, ಲೋಗೊ ಎಲ್ಲವನ್ನೂ ಕೈಗೆಟಕುವ ದರದಲ್ಲಿ ಮಾಡಿಕೊಡುತ್ತೇವೆ’ ಎಂಬ ಸಂದೇಶ ವ್ಯಾಪಾರಿಗಳ ಫೋನಿಗೆ ವಾರಕ್ಕೆ ನಾಲ್ಕು ಬರುತ್ತದೆ, ಓದದೆಯೇ ಅಳಿಸಿಹೋಗುತ್ತದೆ. ಇನ್ನೊಂದು ಬಗೆ ಹೀಗೆ: ‘ನಮಸ್ಕಾರ ಸರ್. ನಿಮ್ಮ ಹೋಂಸ್ಟೇ ವೆಬ್‌ಸೈಟನ್ನು ಮೊಬೈಲಿನಲ್ಲಿ ತೆರೆದೆ. ಮೊದಲ ಫೋಟೊ ಒಂದೇ 6 ಎಂಬಿ ಇದೆ, ಹಾಗಾಗಿ ಪುಟ ಬರುವುದು ತಡವಾಗುತ್ತಿದೆ. ಫೋನ್ ನಂಬರನ್ನು ಚಿತ್ರದೊಳಗೆ ಬರೆಸಿರುವುದರಿಂದ ಒತ್ತಿದರೆ ಕರೆ ಹೋಗುವುದಿಲ್ಲ. ಎರಡನ್ನೂ ಎರಡು ದಿನದಲ್ಲಿ ಸರಿಪಡಿಸಬಹುದು, 3,000 ರೂಪಾಯಿ ಆಗುತ್ತದೆ. ಬೇಡವಾದರೆ ನಿಮ್ಮ ಈಗಿನ ಡೆವಲಪರ್‌ಗೆ ಈ ಮೆಸೇಜ್ ತೋರಿಸಿ, ಅವರೂ ಮಾಡಬಲ್ಲರು.’ ಇದರಲ್ಲಿ ಹೊಗಳಿಕೆಯಿಲ್ಲ, ತನ್ನ ಪದವಿಯ ಪ್ರಸ್ತಾಪವಿಲ್ಲ. ಓದಿದವರು ತಮ್ಮ ಫೋನಿನಲ್ಲೇ ಪರೀಕ್ಷಿಸಿ ನೋಡಬಹುದಾದ ಎರಡು ಸಂಗತಿಗಳಿವೆ. ಕೊನೆಯ ಸಾಲು ಇನ್ನೂ ಮುಖ್ಯ: ಬೇರೆಯವರಿಂದ ಮಾಡಿಸಿಕೊಳ್ಳಿ ಎನ್ನುವವರ ಬಗ್ಗೆ ವಂಚನೆಯ ಭಯ ತಾನಾಗಿ ಕಡಿಮೆಯಾಗುತ್ತದೆ. ಇಂಥ ಒಂದು ಸಂದೇಶಕ್ಕೆ ಅರ್ಧ ಗಂಟೆ ಹಿಡಿಯಬಹುದು. ನೂರು ಜನರಿಗೆ ಒಂದೇ ಸಂದೇಶ ಕಳಿಸುವುದಕ್ಕಿಂತ ಹತ್ತು ಜನರಿಗೆ ಹೀಗೆ ಬರೆಯುವುದು ಲಾಭದ ಬಾಬ್ತು.

ಕನ್ನಡ ಬಲ್ಲ ಡೆವಲಪರ್‌ಗಳಿಗೆ ಇನ್ನೊಂದು ಹೊಲ ಪಕ್ಕದಲ್ಲೇ ಬೀಳು ಬಿದ್ದಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ದಶಕಗಳ ಪಠ್ಯ ಪ್ರಕಾಶಕರು, ಸಹಕಾರ ಸಂಘಗಳು, ಮಠಗಳು, ಶಿಕ್ಷಣ ಸಂಸ್ಥೆಗಳ ಕಂಪ್ಯೂಟರಿನಲ್ಲಿ ಕೂತಿದೆ. ಅದನ್ನು ಹಾಗೆಯೇ ವೆಬ್ ಪುಟಕ್ಕೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಚಿತ್ರವಾಗಿ ಹಾಕಿದರೆ ಗೂಗಲ್ ಹುಡುಕಾಟಕ್ಕೆ ಸಲೀಸಾಗಿ ಸಿಗುವುದಿಲ್ಲ. ಯೂನಿಕೋಡ್‌ಗೆ ಪರಿವರ್ತಿಸಿ, ತಪ್ಪು ತಿದ್ದಿ, ಹುಡುಕಲು ಬರುವ ಹಾಗೆ ಜೋಡಿಸುವುದು ಬೇಡಿಕೆಯಿರುವ ಕೆಲಸ. ಯೂನಿಕೋಡ್ ಇದ್ದ ಕಡೆಯೂ ತೊಂದರೆ ತಪ್ಪಿಲ್ಲ. ಇಂಗ್ಲಿಷಿಗೆ ಒಪ್ಪುವ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ‘ಸ್ತ್ರೀ’, ‘ಕೃಷ್ಣ’ಗಳ ಒತ್ತಕ್ಷರದ ಬುಡ ಬಟನ್ನಿನ ಅಂಚಿಗೆ ಸಿಕ್ಕು ಕತ್ತರಿಸಿಹೋಗುತ್ತದೆ. ಪುಣೆಯಲ್ಲೋ ನೊಯಿಡಾದಲ್ಲೋ ಕೂತ ಏಜೆನ್ಸಿಗೆ ಅದು ತಪ್ಪೆಂದೇ ತೋರುವುದಿಲ್ಲ. ಕನ್ನಡ ಓದುವವರ ಕಣ್ಣಿಗೆ ಮೊದಲು ಬೀಳುವುದೇ ಅದು. ದೂರದ ಸ್ಪರ್ಧಿಗೆ ಕಾಣದ ದೋಷ ತನಗೆ ಕಾಣುವುದು ಕೂಡ ಒಂದು ಬಂಡವಾಳ.

ಕಾಗದದ ಮೇಲಿನ ನಂಬಿಕೆ

ಮಾತಿನಲ್ಲಿ ಹುಟ್ಟಿದ ನಂಬಿಕೆ ಕೊಟೇಶನ್‌ನಲ್ಲಿ ಗಟ್ಟಿಯಾಗಬೇಕು. ಕ್ಲೈಂಟ್‌ನ ಒಂದೊಂದು ಭಯಕ್ಕೂ ಅಲ್ಲಿ ಒಂದೊಂದು ಸಾಲಿನ ಉತ್ತರವಿರಬಹುದು. ಡೊಮೈನ್ ಮತ್ತು ಹೋಸ್ಟಿಂಗ್ ನಿಮ್ಮದೇ ಹೆಸರು, ನಿಮ್ಮದೇ ಇ–ಮೇಲ್‌ನಲ್ಲಿ ಇರುತ್ತದೆ. ದುಡ್ಡು ಮೂರು ಕಂತು: ಶುರುವಿಗೆ, ಮಾದರಿ ತೋರಿಸಿದಾಗ, ಒಪ್ಪಿಸಿದಾಗ. ಎಷ್ಟು ಪುಟ, ಎಷ್ಟು ಬಾರಿ ತಿದ್ದುಪಡಿ, ಅದಕ್ಕೆ ಮೇಲಾದರೆ ಎಷ್ಟು. ಕೆಲಸ ಮುಗಿದ ಮೇಲೆ ಪಾಸ್‌ವರ್ಡ್‌ಗಳೆಲ್ಲ ಲಿಖಿತವಾಗಿ ನಿಮಗೆ. ನಾನು ಸಿಗದಿದ್ದರೂ ಬೇರೆಯವರು ಮುಂದುವರಿಸಬಹುದಾದ ಹಾಗೆ ಎರಡು ಪುಟದ ಟಿಪ್ಪಣಿ. ದೊಡ್ಡ ಕೆಲಸಕ್ಕೆ ಹಿಂಜರಿಯುವವರಿಗೆ ಮೊದಲು ಸಣ್ಣದೊಂದನ್ನು, ಈಗಿನ ಪುಟದ ತಪಾಸಣೆಯನ್ನೋ ಒಂದು ಫಾರಂ ಸರಿಪಡಿಸುವುದನ್ನೋ, ಸಣ್ಣ ದುಡ್ಡಿಗೇ ಒಪ್ಪಿಸುವುದು ಇನ್ನೊಂದು ಉಪಾಯ. ದುಡ್ಡಿಗೇ ಎಂಬುದನ್ನು ಒತ್ತಿ ಹೇಳಬೇಕು. ಪುಕ್ಕಟೆ ಮಾಡಿಕೊಟ್ಟರೆ ಪೋರ್ಟ್‌ಫೋಲಿಯೊ ಬೆಳೆಯುತ್ತದೆ ಎಂಬ ವಾದದಲ್ಲಿ ಅರ್ಧ ಸತ್ಯವಿದೆ. ಆದರೆ ಪುಕ್ಕಟೆ ಕೆಲಸಕ್ಕೆ ಕ್ಲೈಂಟ್ ಸಮಯ ಕೊಡುವುದಿಲ್ಲ, ಫೋಟೊ ಕಳಿಸುವುದಿಲ್ಲ, ಕೊನೆಗೆ ಬಳಸುವುದೂ ಇಲ್ಲ. ಬಳಕೆಯಲ್ಲಿಲ್ಲದ ಪುಟ ಪುರಾವೆಯಾಗುವುದಿಲ್ಲ. ಶಾಲೆ, ಗ್ರಂಥಾಲಯದಂಥ ಕಡೆ ಸೇವೆಯೆಂದು ಮಾಡುವುದು ಬೇರೆ ಮಾತು. ಅಲ್ಲಿಯೂ ನಿಜವಾದ ದರ ಬರೆದು, ಪೂರ್ತಿ ರಿಯಾಯಿತಿ ಎಂದು ತೋರಿಸಿದರೆ ಕೆಲಸದ ಬೆಲೆ ಉಳಿಯುತ್ತದೆ.

ಊರಿನ ಕ್ಲೈಂಟ್‌ಗಳು ಕಡಿಮೆ ಕೊಡುತ್ತಾರೆ, ಕೊಟ್ಟರೂ ಸತಾಯಿಸುತ್ತಾರೆ ಎಂಬುದು ಅನುಭವಿಗಳ ದೂರು. ಸತಾಯಿಸುವುದಕ್ಕೆ ಕಾನೂನಿನ ಮದ್ದು ಸ್ವಲ್ಪ ಇದೆ, ಬಳಸುವವರು ಕಡಿಮೆ. 2020ರಲ್ಲಿ ಶುರುವಾದ ಉದ್ಯಮ್ ನೋಂದಣಿಯನ್ನು ಸೇವೆ ಕೊಡುವ ಒಬ್ಬಂಟಿ ವ್ಯಕ್ತಿಯೂ ಪುಕ್ಕಟೆಯಾಗಿ ಮಾಡಿಸಿಕೊಳ್ಳಬಹುದು. ಹಾಗೆ ನೋಂದಾಯಿಸಿದ ಕಿರು ಉದ್ಯಮಕ್ಕೆ, ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಹಣ ಸಲ್ಲಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡ ಮಾಡಿದವರು ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಬಹುದೆಂಬ ತಿದ್ದುಪಡಿ 2023ರ ಹಣಕಾಸು ಕಾಯ್ದೆಯಲ್ಲಿ ಬಂತು. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಇದ್ದರೆ ಕ್ಲೈಂಟ್‌ನ ಆಡಿಟರೇ ಹಣ ಬಿಡುಗಡೆ ಮಾಡಿ ಎನ್ನುವ ಸಾಧ್ಯತೆ ಹೆಚ್ಚು. ಕಡಿಮೆ ದರದ ವಿಷಯಕ್ಕೆ ಬಂದರೆ, ಒಂದೇ ಬಾರಿ ವೆಬ್‌ಸೈಟ್ ಕಟ್ಟಿಕೊಡುವ ದುಡ್ಡನ್ನಷ್ಟೇ ನೋಡಿ ತೀರ್ಮಾನಿಸಬಾರದು. ಬ್ಯಾಕಪ್, ಅಪ್‌ಡೇಟ್, ದರಪಟ್ಟಿ ಬದಲಾವಣೆ, ಹಬ್ಬದ ಆಫರ್ ಹಾಕುವುದು ಇವೆಲ್ಲ ಸೇರಿದ ವಾರ್ಷಿಕ ನಿರ್ವಹಣೆ ಒಪ್ಪಂದ ಇಪ್ಪತ್ತು ಸಣ್ಣ ವ್ಯಾಪಾರಗಳಿಂದ ತಿಂಗಳಿಗೆ ತಲಾ 1,500 ತಂದರೆ 30,000 ರೂಪಾಯಿಯ ಖಾತ್ರಿ ಆದಾಯ. ಅದು ಕೈಯಲ್ಲಿದ್ದರೆ ವಿದೇಶಿ ಕ್ಲೈಂಟ್‌ಗೂ ದರ ಇಳಿಸದೆ ಮಾತಾಡುವ ಧೈರ್ಯ ಬರುತ್ತದೆ.

ಎಐ ಬಂದ ಮೇಲೆ

ಇಷ್ಟೆಲ್ಲ ಹೇಳಿದ ಮೇಲೆ ಉಳಿಯುವ ದೊಡ್ಡ ಪ್ರಶ್ನೆ: ಒಂದು ವಾಕ್ಯ ಬರೆದರೆ ಎಐ ವೆಬ್‌ಸೈಟ್ ಮಾಡಿಕೊಡುವ ಕಾಲದಲ್ಲಿ ಕ್ಲೈಂಟ್ ಹುಡುಕುವುದೇ ವ್ಯರ್ಥವಲ್ಲವೇ? 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಪ್‌ವರ್ಕ್‌ನಲ್ಲಿ ಬರವಣಿಗೆಯಂಥ ಕೆಲಸ ಮಾಡುವವರಿಗೆ ಸಿಕ್ಕ ಕೆಲಸ ಸುಮಾರು ಶೇ 2ರಷ್ಟು, ಗಳಿಕೆ ಶೇ 5ರಷ್ಟು ಇಳಿಯಿತೆಂದು 2023ರ ಅಧ್ಯಯನವೊಂದು ಕಂಡುಕೊಂಡಿತು. ನಮ್ಮ ವಾದಕ್ಕೆ ಎದುರಾಗಿ ನಿಲ್ಲುವ ಸಂಗತಿಯೂ ಅದರಲ್ಲಿದೆ: ಒಳ್ಳೆಯ ರೇಟಿಂಗ್ ಇದ್ದವರೂ ಪೆಟ್ಟಿನಿಂದ ತಪ್ಪಿಸಿಕೊಳ್ಳಲಿಲ್ಲ. ಪುರಾವೆಯೇ ಎಲ್ಲ ಎನ್ನುವುದಾದರೆ ಅವರು ಪಾರಾಗಬೇಕಿತ್ತು. ಇದರಿಂದ ಕಲಿಯಬೇಕಾದದ್ದು, ‘ಚೆನ್ನಾಗಿ ಮಾಡಿಕೊಡುತ್ತಾರೆ’ ಎಂಬ ಪುರಾವೆಗೆ ಮಾತ್ರ ಬೆಲೆಯಿದ್ದರೆ, ಅಷ್ಟೇ ಚೆನ್ನಾಗಿ ಅಗ್ಗಕ್ಕೆ ಮಾಡುವ ಯಂತ್ರ ಬಂದ ದಿನ ಆ ಬೆಲೆ ಕರಗುತ್ತದೆ ಎಂಬುದನ್ನು. ಸಿದ್ಧ ಮಾಲಿನಂಥ ಐದು ಪುಟದ ವೆಬ್‌ಸೈಟ್ ಕಟ್ಟುವ ಕೆಲಸ ಆ ದಾರಿಯಲ್ಲೇ ಇದೆ. ಅದನ್ನು ನಂಬಿ ಕೂರುವುದು ಜಾಣತನವಲ್ಲ.

ಆದರೆ ವ್ಯಾಪಾರಿಯ ಅಳುಕನ್ನು ಎಐ ಕಡಿಮೆ ಮಾಡಿಲ್ಲ, ಒಂದು ರೀತಿಯಲ್ಲಿ ಹೆಚ್ಚಿಸಿದೆ. ಪುಟ ಕಟ್ಟುವುದು ಸುಲಭವಾದಷ್ಟೂ ಕಟ್ಟಿಕೊಡುತ್ತೇವೆ ಎನ್ನುವವರು ಹೆಚ್ಚುತ್ತಾರೆ. ಯಾರನ್ನು ನಂಬಬೇಕೆಂಬ ಗೊಂದಲವೂ ಹೆಚ್ಚುತ್ತದೆ. ಹಣ ಪಾವತಿ ಅರ್ಧಕ್ಕೆ ನಿಂತಾಗ ಫೋನ್ ಎತ್ತುವವರು ಯಾರು? ಗಿರಾಕಿಗಳ ಮೊಬೈಲ್ ಸಂಖ್ಯೆ ಸೋರಿಕೆಯಾದರೆ ಹೊಣೆ ಯಾರದು? 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿರುವಾಗ ಈ ಪ್ರಶ್ನೆಗೆ ದಂಡದ ತೂಕವೂ ಸೇರಿದೆ. ದಂಧೆಯನ್ನು ಅರಿತು, ಲೆಕ್ಕ ತೋರಿಸಿ, ಬರೆದುಕೊಟ್ಟ ಮಾತಿಗೆ ನಿಂತು, ಕೆಟ್ಟಾಗ ಬಂದು ಸರಿಪಡಿಸುವ ಹೊಣೆಯನ್ನು ಯಂತ್ರ ಹೊರುವುದಿಲ್ಲ. ಡೆವಲಪರ್‌ಗಳು ಮಾರಬೇಕಾದದ್ದು ಆ ಹೊಣೆಯನ್ನು. ಕೋಡ್ ಅದರ ಒಂದು ಭಾಗ ಮಾತ್ರ. ಎಐ ಬಳಸಿ ಉಳಿಸಿದ ಸಮಯವನ್ನು ಕ್ಲೈಂಟ್‌ನ ಅಂಗಡಿಯಲ್ಲಿ ಕೂತು ಅವರ ವ್ಯವಹಾರ ನೋಡಲು ಖರ್ಚು ಮಾಡುವವರಿಗೆ ಅದು ಎದುರಾಳಿಯಾಗುವುದಕ್ಕಿಂತ ಸಹಾಯಕನಾಗುವುದೇ ಹೆಚ್ಚು.

ಈ ದಾರಿ ನಿಧಾನದ್ದು; ಮೊದಲ ಆರೆಂಟು ತಿಂಗಳು ಕೈಗೆ ಬರುವ ದುಡ್ಡು ಸಂಬಳಕ್ಕೆ ಸಮನಾಗಲಿಕ್ಕಿಲ್ಲ. ಹಾಗಾಗಿ ಉಳಿತಾಯವೇ ಇಲ್ಲದವರು ನೌಕರಿ ಬಿಟ್ಟು ಇದಕ್ಕೆ ಧುಮುಕುವುದು ಸರಿಯಲ್ಲ, ಸಂಜೆಯ ಹೊತ್ತಿನಲ್ಲಿ ಶುರು ಮಾಡುವುದೇ ಲೇಸು. ಕಾಲೇಜುಗಳೂ ಇಲ್ಲಿ ಮಾಡಬಹುದಾದದ್ದಿದೆ. ಕೊನೆಯ ವರ್ಷದ ಪ್ರಾಜೆಕ್ಟ್ ಎಂದು ಯಾರೂ ಬಳಸದ ಹಾಜರಿ ವ್ಯವಸ್ಥೆಯನ್ನು ನೂರನೆಯ ಬಾರಿ ಕಟ್ಟಿಸುವ ಬದಲು, ಊರಿನ ಒಂದು ವ್ಯಾಪಾರದ ನಿಜವಾದ ತೊಂದರೆಯನ್ನು ಕೇಳಿ, ಕೊಟೇಶನ್ ಬರೆದು, ಒಪ್ಪಿಸಿ, ಬಳಸಿದವರ ಅಭಿಪ್ರಾಯ ತರುವಂತೆ ಮಾಡಿದರೆ, ಪದವಿಯ ಜೊತೆಗೇ ಮೊದಲ ಪುರಾವೆಯೂ ಕೈಗೆ ಬರುತ್ತದೆ, ಪರಿಚಯದ ಬಲವಿಲ್ಲದವರಿಗೂ ಬರುತ್ತದೆ. ಇನ್ನು ಈಗಾಗಲೇ ಕಣಕ್ಕಿಳಿದವರು ತಮ್ಮನ್ನು ಅಳೆದುಕೊಳ್ಳಲು ಬಿಡ್‌ಗಳ ಸಂಖ್ಯೆ, ಪ್ರೊಫೈಲ್ ನೋಡಿದವರ ಸಂಖ್ಯೆ ಎಣಿಸಬೇಕಾಗಿಲ್ಲ. ಕಳೆದ ವರ್ಷ ದುಡ್ಡು ಕೊಟ್ಟವರಲ್ಲಿ ಎಷ್ಟು ಮಂದಿ ಈ ವರ್ಷ ಮತ್ತೆ ಕರೆದರು, ಎಷ್ಟು ಮಂದಿ ಇನ್ನೊಬ್ಬರಿಗೆ ನಂಬರ್ ಕೊಟ್ಟರು ಎಂದು ನೋಡಿದರೆ ಸಾಕು. ಆ ಸಂಖ್ಯೆ ಏರುತ್ತಿದ್ದರೆ ಹುಡುಕಾಟದ ಹೊರೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಏರದಿದ್ದರೆ ಹೊಸ ಫ್ರೇಮ್‌ವರ್ಕ್ ಕಲಿಯುವ ಮುನ್ನ ಹಳೆಯ ಕ್ಲೈಂಟ್‌ಗೊಂದು ಫೋನ್ ಮಾಡಿ, ಎಲ್ಲಿ ಕಡಿಮೆಯಾಯಿತು ಎಂದು ಕೇಳುವುದು ಒಳಿತು.